ಅಪ್ಪನ ಕೈಯ ಗಂಟುಗಳು ಮಗನಿಗೂ ಬರುತ್ತವೆಯೇ?

ಚಿತ್ರದುರ್ಗದ ಸಹೋದರಿಯೊಬ್ಬರು ಕೇಳಿರುವುದು ಇಷ್ಟು: ಮಾವನವರ ತೋಳುಗಳಲ್ಲಿದ್ದಂಥ ಮೆತ್ತನೆಯ ಗಂಟುಗಳು ಈಗ ಪತಿಯ ಮುಂಗೈಯಲ್ಲೂ ಎದ್ದಿವೆ, ಇದಕ್ಕೆ ಕಾರಣವೇನು, 9 ವರ್ಷದ ಮಗನಿಗೂ ಬರುತ್ತದೆಯೇ? ನಮ್ಮ ಮನೆಯಲ್ಲಿ ಇದು ಮೂರು ತಲೆಮಾರಿನಿಂದ ಇರುವುದರಿಂದ ನನಗೆ ತಿಳಿದದ್ದನ್ನು ಬರೆಯುತ್ತಿದ್ದೇನೆ.

ನಮ್ಮದು ದಾವಣಗೆರೆ. ಅಜ್ಜನ ಎರಡೂ ಮುಂಗೈಗಳಲ್ಲಿ ಅಡಿಕೆ ಗಾತ್ರದ ಗಂಟುಗಳಿದ್ದವು. ಚಿಕ್ಕವನಿದ್ದಾಗ ಪಕ್ಕದಲ್ಲಿ ಕುಳಿತು ಹೆಬ್ಬೆರಳಿನಿಂದ ಒತ್ತಿದರೆ, ನೆನೆಸಿದ ಅವರೆಕಾಳು ಸಿಪ್ಪೆಯೊಳಗೆ ಜಾರುವಂತೆ ಅವು ಚರ್ಮದಡಿಯಲ್ಲೇ ಪಕ್ಕಕ್ಕೆ ಸರಿಯುತ್ತಿದ್ದವು, ಅಜ್ಜನಿಗೆ ನೋವಿರಲಿಲ್ಲ. ಯಾರದೋ ಮಾತು ಕೇಳಿ ಸುಣ್ಣ-ಬೆಲ್ಲ ಕಲಸಿ ಹಚ್ಚಿಕೊಂಡದ್ದರಿಂದ ಚರ್ಮ ಸುಟ್ಟಿತೇ ಹೊರತು ಗಂಟು ಕರಗಲಿಲ್ಲ. ದಯವಿಟ್ಟು ಅಂಥದ್ದನ್ನು ಮಾಡಬೇಡಿ.

ವೈದ್ಯರು ಲಿಪೋಮಾ ಎನ್ನುವ ಈ ಕೊಬ್ಬಿನ ಗಡ್ಡೆ, ಕೊಬ್ಬಿನ ಕೋಶಗಳು ತೆಳುವಾದ ಪೊರೆಯೊಳಗೆ ಒಂದೆಡೆ ಕೂಡಿ ನಿಧಾನವಾಗಿ ಬೆಳೆದದ್ದು, ಕ್ಯಾನ್ಸರ್ ಅಲ್ಲ. ಬಹುತೇಕರಲ್ಲಿ ಇಂಥದ್ದೇ ಕಾರಣವೆಂದು ಹೇಳಲಾಗದು. ಪೆಟ್ಟು ಬಿದ್ದ ಜಾಗದಲ್ಲಿ ಕಾಣಿಸಿಕೊಂಡ ಉದಾಹರಣೆಗಳಿವೆ, ಆದರೆ ಪೆಟ್ಟೇ ಕಾರಣವೆಂಬುದು ಸಾಬೀತಾಗಿಲ್ಲ. ನಮ್ಮೂರಿನಲ್ಲಂತೂ ಎಲ್ಲರೂ ಮೊದಲು ಬೆಣ್ಣೆ ದೋಸೆಯನ್ನೇ ದೂರುತ್ತಾರೆ. ಸಣಕಲು ದೇಹದ ನನ್ನ ತಂದೆಗೂ ಗಂಟುಗಳು ಬಂದವು. ತೂಕ ಇಳಿಸಿದರೂ ಇವು ಕರಗುವುದಿಲ್ಲ, ಸುತ್ತಲಿನ ಕೊಬ್ಬು ಇಳಿದು ಇನ್ನಷ್ಟು ಎದ್ದು ಕಾಣುತ್ತವೆ.

ಒಂದೇ ಗಂಟಿದ್ದರೆ ಅದು ಸಾಮಾನ್ಯವಾಗಿ ವಂಶದ್ದಾಗಿರುವುದಿಲ್ಲ. ಆದರೆ ನಿಮ್ಮ ಮನೆಯಂತೆ, ನಮ್ಮ ಮನೆಯಂತೆ ತಂದೆಯಿಂದ ಮಗನಿಗೆ ಹಲವು ಗಂಟುಗಳು ಬಂದಿದ್ದರೆ, ಅದು ಹೆಚ್ಚಾಗಿ ತಂದೆ ತಾಯಿಯರಲ್ಲಿ ಒಬ್ಬರಿಂದಲೇ ದಾಟಬಲ್ಲ ಗುಣ, ಅಂದರೆ ಪ್ರತಿ ಮಗುವಿಗೂ ಅರ್ಧದಷ್ಟು ಸಾಧ್ಯತೆ. ನನಗೆ 32ರಲ್ಲಿ ಶುರುವಾಗಿ ಈಗ 11 ಇವೆ. ನನಗಿಂತ ಹಿರಿಯನಾದ ಅಣ್ಣನಿಗೆ ಒಂದೂ ಇಲ್ಲ.

ನಿಮ್ಮ ಪತಿಯನ್ನು ಒಮ್ಮೆ ಶಸ್ತ್ರಚಿಕಿತ್ಸಕರಿಗೆ ತೋರಿಸಿ, ಏಕೆಂದರೆ ಕೊಬ್ಬಿನ ಗಂಟೆಂದು ನಾವೇ ತೀರ್ಮಾನಿಸುವುದು ಸರಿಯಲ್ಲ. ಗಂಟು 5 ಸೆಂಟಿಮೀಟರಿಗಿಂತ ದೊಡ್ಡದಾದರೆ, ಬೇಗ ಬೆಳೆದರೆ, ಗಟ್ಟಿಯಾಗಿ ಅಲುಗಾಡದಿದ್ದರೆ ಅಥವಾ ನೋಯತೊಡಗಿದರೆ ತಡಮಾಡಬೇಡಿ. ಮನೆತನದಲ್ಲಿ ಯಾರಿಗಾದರೂ ದೊಡ್ಡ ಕರುಳಿನಲ್ಲಿ ಪಾಲಿಪ್, ಅಂದರೆ ಒಳಪದರದ ಮೇಲೆ ಬೆಳೆಯುವ ಸಣ್ಣ ಗಡ್ಡೆ, ಇದ್ದಿದ್ದರೆ ಅದನ್ನೂ ವೈದ್ಯರಿಗೆ ಹೇಳಿ, ಏಕೆಂದರೆ ಅಪರೂಪದ ಒಂದು ಆನುವಂಶಿಕ ಕಾಯಿಲೆಯಲ್ಲಿ ಎರಡೂ ಒಟ್ಟಿಗೆ ಬರುತ್ತವೆ. ಮೊಣಕೈ ಬಳಿ ಒತ್ತುತ್ತಿದ್ದ ಒಂದನ್ನು ನಾನು ತೆಗೆಸಿದೆ. ಆ ಜಾಗವನ್ನಷ್ಟೇ ಮರಗಟ್ಟಿಸಿ ಸಣ್ಣದಾಗಿ ಕೊಯ್ದಾಗ, ಆಕಳ ಬೆಣ್ಣೆಯ ಬಣ್ಣದ ಮುದ್ದೆ ಇಡಿಯಾಗಿ ಹೊರಬಂತು. ಉಳಿದವುಗಳ ಗೋಜಿಗೆ ಹೋಗಿಲ್ಲ.

ಮಗನಿಗೆ ಸದ್ಯ ಯಾವ ಪರೀಕ್ಷೆಯೂ ಬೇಕೆಂದು ನನಗೆ ಅನ್ನಿಸುವುದಿಲ್ಲ. ಬಂದರೂ ಸಾಮಾನ್ಯವಾಗಿ ದೊಡ್ಡವನಾದ ಮೇಲೆಯೇ. ಎಣ್ಣೆಸ್ನಾನ ಮಾಡಿಸುವಾಗಲೆಲ್ಲ ನನ್ನ ತಾಯಿ ನನ್ನ ತೋಳುಗಳನ್ನು ಒತ್ತಿ ಒತ್ತಿ ನೋಡುತ್ತಿದ್ದರು, ಆ ಬೆರಳುಗಳ ಆತಂಕ ನನಗೆ ಗೊತ್ತಾಗುತ್ತಿತ್ತು.