ಡಿಸೈನರ್ ಕೆಲಸಕ್ಕೆ ಪೋರ್ಟ್‌ಫೋಲಿಯೊ ಕಳಿಸಿದರೆ ಉತ್ತರವೇ ಇಲ್ಲ, ಈಗ ಒಂದು ಏಜೆನ್ಸಿ ಪುಕ್ಕಟೆ ಟೆಸ್ಟ್ ಕೇಳಿದೆ. ಮಾಡಲಾ?

ಬೆಣ್ಣೆದೋಸೆ_ಪಿಕ್ಸೆಲ್:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಬಿವಿಎ (ದೃಶ್ಯಕಲೆಯ ಪದವಿ) ಓದಿದೆ, ಅಪ್ಲೈಡ್ ಆರ್ಟ್. ಈ ವರ್ಷ ಮುಗಿಯಿತು. ಬೆಂಗಳೂರಿನ ಯಾವುದಾದರೂ ಡಿಜಿಟಲ್ ಏಜೆನ್ಸಿಯಲ್ಲಿ ಡಿಸೈನರ್ ಆಗಿ ಸೇರಬೇಕು ಅಂತ ಇದ್ದೇನೆ. ಇಂದಿರಾನಗರ, ಕೋರಮಂಗಲ, ಎಚ್ಎಸ್ಆರ್ ಕಡೆಯ ಏಜೆನ್ಸಿಗಳನ್ನು ಹುಡುಕಿ ಹುಡುಕಿ ಮೇಲ್ ಹಾಕಿದ್ದಾಯಿತು. ಲಿಂಕ್ಡ್‌ಇನ್‌ನಲ್ಲೂ ಅಪ್ಲೈ ಮಾಡಿದ್ದಾಯಿತು. ಬೇಡ ಅಂತಲೂ ಯಾರೂ ಹೇಳುವುದಿಲ್ಲ, ಬಾ ಅಂತಲೂ ಹೇಳುವುದಿಲ್ಲ.

ಪೋರ್ಟ್‌ಫೋಲಿಯೊ ಬಿಹ್ಯಾನ್ಸ್‌ನಲ್ಲಿದೆ, ಡಿಸೈನರ್‌ಗಳು ಕೆಲಸ ತೋರಿಸುವ ವೆಬ್‌ಸೈಟ್. ಒಂದಷ್ಟು ಲೋಗೊ, ಒಂದು ಕಾಫಿ ಬ್ರಾಂಡ್‌ನ ಪ್ಯಾಕೇಜಿಂಗ್, ಕಾಲೇಜು ಫೆಸ್ಟ್ ಪೋಸ್ಟರ್, ಒಂದು ಆ್ಯಪ್‌ನ ರೀಡಿಸೈನ್, ಕೊನೆಗೆ ವಾಟರ್‌ಕಲರ್ ಮತ್ತೆ ಲೈಫ್ ಸ್ಟಡಿ (ಎದುರಿಗೆ ಕೂತವರನ್ನು ನೋಡಿ ಬರೆದ ಚಿತ್ರ). ರೆಸ್ಯೂಮೆಯಲ್ಲಿ ಫೋಟೋಶಾಪ್ ಇಷ್ಟು ಪರ್ಸೆಂಟ್, ಇಲ್ಲಸ್ಟ್ರೇಟರ್ ಇಷ್ಟು ಪರ್ಸೆಂಟ್ ಅಂತ ಪಟ್ಟಿ ಎಳೆದಿದ್ದೇನೆ, ಎಲ್ಲರೂ ಹಾಗೇ ಮಾಡುತ್ತಾರಲ್ವಾ.

ಈಗ ಒಂದು ಏಜೆನ್ಸಿಯವರು ಫೋನ್ ಮಾಡಿದ್ದಾರೆ. ಅವರದೇ ಒಬ್ಬ ಕ್ಲೈಂಟ್‌ಗೆ ಮುಂದಿನ ತಿಂಗಳ 12 ಪೋಸ್ಟ್, ಜೊತೆಗೆ ರೀಲ್ ಕವರ್‌ನ ಟೆಂಪ್ಲೇಟ್, ಇಷ್ಟನ್ನೂ ಸೋಮವಾರದೊಳಗೆ ಓಪನ್ ಫೈಲ್ (ಲೇಯರ್ ಲೇಯರ್ ಆಗಿ ತಿದ್ದಬಹುದಾದ ಮೂಲ ಫೈಲ್) ಸಮೇತ ಕಳಿಸಬೇಕಂತೆ, ಚೆನ್ನಾಗಿದ್ದರೆ ಇಂಟರ್‌ವ್ಯೂಗೆ ಕರೆಯುತ್ತಾರಂತೆ. ದುಡ್ಡಿನ ಮಾತೇ ಇಲ್ಲ. ಮಾಡಲಾ, ಬಿಡಲಾ? ನನ್ನ ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೇ. ಮನೆಯಲ್ಲಿ ಅಪ್ಪ ಬ್ಯಾಂಕ್ ಎಕ್ಸಾಮ್ ಕಟ್ಟು ಅಂತ ಶುರು ಮಾಡಿದ್ದಾರೆ.

ಹಳೇ_ಲೇಯರ್:

ಮಾಡಬೇಡಿ. ಅದು ಟೆಸ್ಟ್ ಅಲ್ಲ, ಅವರ ಒಂದು ತಿಂಗಳ ಪೋಸ್ಟ್‌ಗಳ ಕ್ಯಾಲೆಂಡರ್. ಓಪನ್ ಫೈಲ್ ಕೇಳಿದ್ದಾರೆ ನೋಡಿ, ಅಲ್ಲೇ ಗೊತ್ತಾಗುತ್ತದೆ. ನಿಮ್ಮ ಕೈ ಹೇಗಿದೆ ಅಂತ ನೋಡುವವರಿಗೆ ಜೆಪೆಗ್ ಸಾಕು. ಲೇಯರ್ ಬೇಕಾಗುವುದು ಟೆಕ್ಸ್ಟ್ ಬದಲಿಸಿ ಪೋಸ್ಟ್ ಮಾಡುವವರಿಗೆ.

ಸರಿಯಾದ ಟೆಸ್ಟ್ ಹೀಗಿರುತ್ತದೆ: ಇಲ್ಲದ ಬ್ರಾಂಡ್ ಒಂದನ್ನು ಕೊಡುತ್ತಾರೆ, ಅಥವಾ ಅವರು ಈಗಾಗಲೇ ಮುಗಿಸಿದ ಹಳೇ ಬ್ರೀಫ್ (ಕ್ಲೈಂಟ್‌ಗೆ ಏನು ಬೇಕು ಅಂತ ಬರೆದ ಟಿಪ್ಪಣಿ) ಕೊಡುತ್ತಾರೆ, ಒಂದು ಪೋಸ್ಟ್ ಅಥವಾ ಒಂದು ಕ್ಯಾರೊಸೆಲ್ (ಪಕ್ಕಕ್ಕೆ ಸರಿಸಿ ನೋಡುವ ಸ್ಲೈಡ್‌ಗಳ ಪೋಸ್ಟ್) ಕೇಳುತ್ತಾರೆ, ಅರ್ಧ ದಿನದ ಕೆಲಸ. ಆಮೇಲೆ ಎದುರಿಗೆ ಕೂರಿಸಿ ಯಾಕೆ ಹೀಗೆ ಮಾಡಿದಿರಿ ಅಂತ ಕೇಳುತ್ತಾರೆ. ಆ ಪ್ರಶ್ನೆ ಕೇಳದ ಟೆಸ್ಟ್‌ಗೆ ಅರ್ಥವೇ ಇಲ್ಲ.

ಇನ್ನೊಂದು ವಿಷಯ, ಹುಡುಗರಿಗೆ ಯಾರೂ ಹೇಳಿಕೊಡುವುದಿಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ನೌಕರಿಯಲ್ಲಿದ್ದಾಗ ಆ ಕೆಲಸದ ಭಾಗವಾಗಿ ಮಾಡಿದ್ದರ ಹಕ್ಕು ಸಾಮಾನ್ಯವಾಗಿ ಕಂಪನಿಯದು, ಒಪ್ಪಂದದಲ್ಲಿ ಬೇರೆ ಬರೆದಿದ್ದರೆ ಮಾತ್ರ ಬೇರೆ. ಆದರೆ ನೀವಿನ್ನೂ ಅವರ ನೌಕರರಲ್ಲ, ಒಂದು ರೂಪಾಯಿ ಕೊಟ್ಟಿಲ್ಲ, ಬರವಣಿಗೆಯಲ್ಲಿ ಹಕ್ಕು ಬಿಟ್ಟುಕೊಟ್ಟಿಲ್ಲ. ಹಾಗಾಗಿ ಆ ಪೋಸ್ಟ್‌ಗಳು ನಿಮ್ಮವೇ. ಕೋರ್ಟಿಗೆ ಹೋಗಿ ಅಂತ ಹೇಳುತ್ತಿಲ್ಲ, ಅದು ನಮ್ಮಂಥವರಿಗೆ ಆಗುವ ಮಾತಲ್ಲ. ಕೇಳುವ ಧೈರ್ಯ ಇರಲಿ ಅಂತ ಅಷ್ಟೇ.

ಅವರಿಗೆ ಮರ್ಯಾದೆಯಾಗಿಯೇ ಬರೆಯಿರಿ. "ಎರಡು ಪೋಸ್ಟ್ ಮಾಡಿ ಪಿಡಿಎಫ್‌ನಲ್ಲಿ ಕಳಿಸುತ್ತೇನೆ, ನೋಡಿ ಮಾತಾಡೋಣ. ಹನ್ನೆರಡೂ ಬೇಕಿದ್ದರೆ ಫ್ರೀಲಾನ್ಸ್ ರೇಟ್ ಹೇಳುತ್ತೇನೆ" ಅಂತ. ಒಳ್ಳೆಯವರಾದರೆ ಒಪ್ಪುತ್ತಾರೆ.

ಇನ್‌ಹೌಸ್_ಆಸಾಮಿ:

ಏಜೆನ್ಸಿ ಯಾಕೆ ಗುರು? ರಾತ್ರಿ ಹನ್ನೊಂದಕ್ಕೆ "ಸಣ್ಣ ಚೇಂಜ್" ಅಂತ ವಾಟ್ಸ್ಆ್ಯಪ್ ಬರುತ್ತದೆ, ಭಾನುವಾರ ಇಂಡಿಯಾ ಮ್ಯಾಚ್ ಗೆದ್ದರೆ ಪೋಸ್ಟ್ ಹಾಕಬೇಕು, ಸೋತರೆ ಇನ್ನೊಂದು ಪೋಸ್ಟ್ ಹಾಕಬೇಕು, ಎರಡೂ ಮೊದಲೇ ಮಾಡಿ ಇಟ್ಟಿರಬೇಕು. ಫಿಗ್ಮಾ (ಆ್ಯಪ್, ವೆಬ್‌ಸೈಟ್ ಡಿಸೈನ್ ಮಾಡುವ ಟೂಲ್) ಕಲಿತು ಪ್ರಾಡಕ್ಟ್ ಕಂಪನಿಗೆ ಹೋಗು. ಈ ಪೋಸ್ಟ್ ಗೀಸ್ಟ್ ಎಲ್ಲ ಎಐ ಮಾಡಿಬಿಡುತ್ತದೆ ಇನ್ನು ಸ್ವಲ್ಪ ದಿನದಲ್ಲಿ.

ಗ್ರಿಡ್_ಗೌಡ್ರು:

@ಇನ್‌ಹೌಸ್_ಆಸಾಮಿ, ಮ್ಯಾಚಿನ ಮಾತು ಸತ್ಯ, ತಕರಾರಿಲ್ಲ. ಆದರೆ ಫ್ರೆಶರ್‌ಗೆ ಏಜೆನ್ಸಿಯಲ್ಲಿ ಎರಡು ವರ್ಷ ಸಿಗುವ ಅಭ್ಯಾಸ ಬೇರೆ ಕಡೆ ಸಿಗುವುದು ಕಷ್ಟ. ಬೆಳಗ್ಗೆ ಬ್ಯಾಂಕ್, ಮಧ್ಯಾಹ್ನ ಶಾಂಪೂ, ಸಂಜೆ ಸೈಟ್ ಮಾರುವವರು. ಕೈ ಪಳಗುತ್ತದೆ.

@ಬೆಣ್ಣೆದೋಸೆ_ಪಿಕ್ಸೆಲ್, ನಾನು ಆರ್ಟ್ ಡೈರೆಕ್ಟರ್, ಪೋರ್ಟ್‌ಫೋಲಿಯೊ ನೋಡುವುದು ನನ್ನ ಕೆಲಸದ ಒಂದು ಭಾಗ. ನಾವು ಹೇಗೆ ನೋಡುತ್ತೇವೆ ಅಂತ ನೇರವಾಗಿ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೀಟಿಂಗ್ ಮಧ್ಯೆ ಫೋನಿನಲ್ಲಿ ನೋಡುತ್ತೇವೆ. ಡ್ರೈವ್ ಲಿಂಕ್ ಒತ್ತಿದಾಗ "ಆ್ಯಕ್ಸೆಸ್ ಕೇಳಿ" ಅಂತ ಬಂದರೆ ಅಲ್ಲಿಗೆ ಮುಗಿಯಿತು, ಯಾರೂ ಕೇಳುವುದಿಲ್ಲ. ಪಿಡಿಎಫ್ ದಪ್ಪಗಿದ್ದು ಡೌನ್‌ಲೋಡ್ ಆಗುತ್ತಲೇ ಇದ್ದರೂ ಅಷ್ಟೇ. ತೆರೆದ ಮೇಲೆ ಮೊದಲ ಎರಡು ಮೂರು ಪುಟ, ಅಷ್ಟೇ. ಅಲ್ಲಿ ನಿಮ್ಮ ಅತ್ಯುತ್ತಮ ಕೆಲಸ ಇರಬೇಕು. "ನಮಸ್ಕಾರ, ನಾನು ಡಿಸೈನ್ ಪ್ರೇಮಿ" ಅನ್ನುವ ಪುಟ ಬೇಡ. ಪರ್ಸೆಂಟ್ ಪಟ್ಟಿಗಳನ್ನಂತೂ ಇವತ್ತೇ ತೆಗೆಯಿರಿ. ಫೋಟೋಶಾಪ್ 85 ಪರ್ಸೆಂಟ್ ಅಂದರೆ ಏನು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಉಳಿದ 15ರಲ್ಲಿ ಪೆನ್ ಟೂಲ್ ಇದೆಯಾ?

ಹನ್ನೆರಡು ಬಿಡಿ ಬಿಡಿ ಚಂದದ ಚಿತ್ರ ನಮಗೆ ಬೇಕಿಲ್ಲ. ಸೋಮವಾರ ಬಂದು ಕೂತರೆ ಇವರ ಕೈಗೆ ಬ್ರೀಫ್ ಕೊಡಬಹುದಾ? ಅದೊಂದೇ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕೆಂದರೆ ಒಂದೇ ಐಡಿಯಾ ಎಷ್ಟು ದೂರ ಎಳೆಯಬಲ್ಲಿರಿ ಅಂತ ತೋರಿಸಿ. ನಿಮ್ಮೂರಿನದೇ ತೆಗೆದುಕೊಳ್ಳಿ, ಮಂಡಕ್ಕಿ ಮಾರುವ ಒಂದು ಕಾಲ್ಪನಿಕ ಬ್ರಾಂಡ್. ಮಂಡಕ್ಕಿ ಭಟ್ಟಿ ನೀವು ಕಣ್ಣಾರೆ ನೋಡಿರುತ್ತೀರಿ, ಆ ಹೊಗೆ, ಆ ಮರಳು, ಆ ಸದ್ದು. ಬೆಂಗಳೂರಿನ ಹುಡುಗರು ನೋಡಿರುವುದಿಲ್ಲ. ಒಂದು ಸಾಲಿನ ಐಡಿಯಾ ಬರೆಯಿರಿ. ಅದನ್ನು ಫೀಡ್ ಪೋಸ್ಟ್ ಮಾಡಿ, 1080 ಇಂಟು 1350. ಅದನ್ನೇ ಐದು ಸ್ಲೈಡ್ ಕ್ಯಾರೊಸೆಲ್ ಮಾಡಿ, ಸ್ಟೋರಿ ಮಾಡಿ, ಬಸ್ ಸ್ಟಾಪ್ ಹೋರ್ಡಿಂಗ್ ಮಾಡಿ, ಕೊನೆಗೆ ವೆಬ್‌ಸೈಟ್‌ನ ಉದ್ದನೆಯ ಪಟ್ಟಿ ಬ್ಯಾನರ್ ಇರುತ್ತದಲ್ಲ, 728 ಇಂಟು 90, ಅದನ್ನೂ ಮಾಡಿ. ಆ ಸಣ್ಣ ಪಟ್ಟಿಯಲ್ಲೇ ಡಿಸೈನರ್ ಯಾರು ಅಂತ ಗೊತ್ತಾಗುವುದು. ಲೋಗೊ, ಒಂದು ಸಾಲು, ಒಂದು ಬಟನ್, ಒಂದು ಚಿತ್ರ, ಇಷ್ಟಕ್ಕೇ ಜಾಗ ಸಾಲುವುದಿಲ್ಲ. ಯಾವುದನ್ನು ಬಿಡುತ್ತೀರಿ? ಇಂಟರ್‌ವ್ಯೂನಲ್ಲಿ ನಾನು ಕೇಳುವುದೇ ಇದು.

ಇಂಥ ಮೂರು ಪ್ರಾಜೆಕ್ಟ್ ಸಾಕು. ಸ್ವಲ್ಪ ಮೋಷನ್, ಅಂದರೆ ಡಿಸೈನ್‌ಗೆ ಚಲನೆ ಕೊಡುವುದು, ಗೊತ್ತಿದ್ದರೆ ಆಫ್ಟರ್ ಎಫೆಕ್ಟ್ಸ್‌ನಲ್ಲಿ ಆರು ಸೆಕೆಂಡಿನದು ಒಂದು ಹಾಕಿ, ಈಗ ಅದನ್ನು ಎಲ್ಲರೂ ಕೇಳುತ್ತಾರೆ. ಆ್ಯಪ್ ರೀಡಿಸೈನ್ ತೆಗೆಯಿರಿ, ಪ್ರತಿಯೊಬ್ಬರದ್ದರಲ್ಲೂ ಅದೇ ಇರುತ್ತದೆ. ಲೈಫ್ ಸ್ಟಡಿ ಒಂದೆರಡು ಇರಲಿ, ಕೊನೆಯಲ್ಲಿ. ಡ್ರಾಯಿಂಗ್ ಬರುವವರು ಈಗ ಕಡಿಮೆ, ಹಾಗಾಗಿ ನನಗಂತೂ ಅದು ಖುಷಿಯ ವಿಷಯ.

ಮೇಲ್ ಎಚ್ಆರ್ ಐಡಿಗೆ ಮಾತ್ರ ಹಾಕಬೇಡಿ. ಆ ಏಜೆನ್ಸಿಯ ಆರ್ಟ್ ಡೈರೆಕ್ಟರ್, ಸೀನಿಯರ್ ಡಿಸೈನರ್ ಯಾರು ಅಂತ ಲಿಂಕ್ಡ್‌ಇನ್‌ನಲ್ಲಿ ನೋಡಿ ಅವರಿಗೇ ನಾಲ್ಕು ಸಾಲು ಬರೆಯಿರಿ. ಅವರ ಇತ್ತೀಚಿನ ಯಾವ ಕೆಲಸ ನೋಡಿದಿರಿ, ಅದರಲ್ಲಿ ಏನು ಹಿಡಿಸಿತು ಅಂತ ಒಂದು ಸಾಲು ಇರಲಿ. ಎಲ್ಲರಿಗೂ ಸಿಸಿ ಹಾಕಿ ಒಂದೇ ಮೇಲ್ ಕಳಿಸುವವರೂ ಇದ್ದಾರೆ, ದೇವರೇ ಕಾಪಾಡಬೇಕು.

ಒತ್ತಕ್ಷರ_ಒಲವಿ:

ಗೌಡ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಆ ಮಂಡಕ್ಕಿ ಪ್ರಾಜೆಕ್ಟನ್ನು ಕನ್ನಡದಲ್ಲೇ ಮಾಡಿ. ಇಂಗ್ಲಿಷ್ ವರ್ಷನ್ ಪಕ್ಕದಲ್ಲಿ ಇರಲಿ ಬೇಕಾದರೆ. ಬೆಂಗಳೂರಿನ ಏಜೆನ್ಸಿಗಳಲ್ಲಿ ಕನ್ನಡ ಟೈಪ್ ಸರಿಯಾಗಿ ಕೂರಿಸಲು ಬರುವವರು ನಿಜಕ್ಕೂ ಕಡಿಮೆ, ಬೇಡಿಕೆ ಮಾತ್ರ ಜಾಸ್ತಿ ಆಗುತ್ತಿದೆ. 2024ರಲ್ಲಿ ನಾಮಫಲಕದಲ್ಲಿ 60 ಪರ್ಸೆಂಟ್ ಕನ್ನಡ ಅಂತ ಕಾನೂನು ತಿದ್ದುಪಡಿ ಆದ ಮೇಲೆ ದೊಡ್ಡ ದೊಡ್ಡ ಬ್ರಾಂಡ್‌ಗಳೂ ಬೋರ್ಡ್ ಮತ್ತೆ ಬರೆಸಬೇಕಾಯಿತು.

ಆಗಸ್ಟ್ 15ಕ್ಕೆ ಬರುವ ಪೋಸ್ಟ್‌ಗಳನ್ನು ಸುಮ್ನೆ ಒಮ್ಮೆ ಗಮನಿಸಿ. "ಸ್ವಾತಂತ್ರ್ಯ" ಅನ್ನುವ ಪದದಲ್ಲಿ ಕೊನೆಯ ತ ಅಕ್ಷರಕ್ಕೆ ಎರಡು ಒತ್ತು ಬರಬೇಕು. ಎಷ್ಟೋ ಪೋಸ್ಟ್‌ನಲ್ಲಿ ಅದು ಒಡೆದು ತ್ ರ್ ಯ ಅಂತ ಬಿಡಿಬಿಡಿಯಾಗಿ ನಿಂತಿರುತ್ತದೆ. ಅಥವಾ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತಿರುತ್ತದೆ, ಯಾಕೆಂದರೆ ಇಂಗ್ಲಿಷ್‌ಗೆ ಇಟ್ಟ ಲೀಡಿಂಗನ್ನೇ (ಸಾಲುಗಳ ನಡುವಿನ ಅಂತರ) ಕನ್ನಡಕ್ಕೂ ಬಿಟ್ಟಿರುತ್ತಾರೆ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಎರಡಕ್ಕೂ ಜಾಗ ಬೇಕು. ನಾನು ಅಕ್ಷರದ ಅಳತೆಯ 150 ಪರ್ಸೆಂಟ್‌ನಿಂದ ಶುರು ಮಾಡುತ್ತೇನೆ, ಆಮೇಲೆ ಕಣ್ಣಳತೆ. ಅಕ್ಷರ ಒಡೆಯುತ್ತಿದ್ದರೆ ಅಡೋಬಿಯಲ್ಲಿ ವರ್ಲ್ಡ್-ರೆಡಿ ಅಂತ ಒಂದು ಆಯ್ಕೆ ಇದೆ, ಟೈಪ್ ಪ್ರಿಫರೆನ್ಸ್‌ನಲ್ಲೋ ಪ್ಯಾರಾಗ್ರಾಫ್ ಪ್ಯಾನೆಲ್ ಮೆನುವಿನಲ್ಲೋ ಸಿಗುತ್ತದೆ, ಅದನ್ನು ಆನ್ ಮಾಡಿದರೆ ಸರಿಹೋಗುತ್ತದೆ. ಹಳೇ ನುಡಿ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಕ್ಯಾಪ್ಶನ್‌ಗೆ ಪೇಸ್ಟ್ ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ, ಹಾಗಾಗಿ ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲೇ ಅಭ್ಯಾಸ ಮಾಡಿಕೊಳ್ಳಿ.

ಫಾಂಟ್‌ಗೆ ದುಡ್ಡು ಕೊಡಬೇಕಿಲ್ಲ. ಏಕ್ ಟೈಪ್ ಅನ್ನುವ ಫಾಂಟ್ ಸಂಸ್ಥೆಯವರ ಅನೇಕ್ ಕನ್ನಡ ಇದೆ, ತೆಳುವಿನಿಂದ ದಪ್ಪಕ್ಕೆ, ಕಿರಿದರಿಂದ ಅಗಲಕ್ಕೆ ಬೇಕಾದಂತೆ ಎಳೆಯಬಹುದು, ಆ 728ರ ಪಟ್ಟಿಗೆ ಹೇಳಿ ಮಾಡಿಸಿದ್ದು. ಹೆಡ್‌ಲೈನ್‌ಗೆ ಬಾಲೂ ತಮ್ಮ. ಕೆಳಗಿನ ಸಣ್ಣ ಬರಹಕ್ಕೆ ನೋಟೋ ಸ್ಯಾನ್ಸ್ ಕನ್ನಡ. ಎಲ್ಲವೂ ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ, ಕ್ಲೈಂಟ್ ಕೆಲಸಕ್ಕೂ ಬಳಸಬಹುದು.

ಎಐ ಬಂದು ಎಲ್ಲ ಮಾಡುತ್ತದೆ ಅನ್ನುವವರಿಗೆ, ಕನ್ನಡದಲ್ಲಿ ನಾಲ್ಕು ಸಾಲಿನ ಪೋಸ್ಟರ್ ಬರೆಸಿ ತೋರಿಸಿ. ಒತ್ತು ಎಲ್ಲೆಲ್ಲಿ ಹೋಗಿ ಕೂತಿರುತ್ತದೆ ಅಂತ ನೋಡೋಣ.

ಸರ್ವಿಸಿಂಗ್_ಅಕ್ಕ:

ನಾನು ಡಿಸೈನರ್ ಅಲ್ಲ, ಕ್ಲೈಂಟ್ ಸರ್ವಿಸಿಂಗ್‌ನವಳು, ಕ್ಲೈಂಟ್ ಮತ್ತೆ ಡಿಸೈನರ್ ಮಧ್ಯೆ ಓಡಾಡುವವಳು. ನೀವೆಲ್ಲ ಬೈಯುವ ಪಾರ್ಟಿ.

ತಮ್ಮಾ, ಇಂಗ್ಲಿಷ್ ವಿಷಯ. ನಮ್ಮ ಆಫೀಸಿನಲ್ಲಿ ಡಿಸೈನರ್‌ಗಳು ಕನ್ನಡ, ಹಿಂದಿ, ಇಂಗ್ಲಿಷ್ ಎಲ್ಲ ಕಲಸಿ ಮಾತಾಡುತ್ತಾರೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಬ್ರೀಫ್ ಬರುವುದು ಇಂಗ್ಲಿಷ್‌ನಲ್ಲಿ. ಓದಿ ಅರ್ಥ ಮಾಡಿಕೊಳ್ಳಬೇಕು, ಅರ್ಥವಾಗದಿದ್ದರೆ ಕೇಳಬೇಕು. ಸುಮ್ನೆ ತಲೆಯಾಡಿಸಿ ಹೋಗಿ ಸಂಜೆಗೆ ಬೇರೇನೋ ಮಾಡಿ ತರುವವರಿಗಿಂತ ಹರಕು ಮುರುಕು ಇಂಗ್ಲಿಷ್‌ನಲ್ಲಿ ಹತ್ತು ಪ್ರಶ್ನೆ ಕೇಳುವವರೇ ನನಗೆ ಇಷ್ಟ. ಇಂಟರ್‌ವ್ಯೂಗೆ ನಿಮ್ಮ ಮೂರು ಪ್ರಾಜೆಕ್ಟ್ ಬಗ್ಗೆ ಮಾತ್ರ ಬಾಯಿಬಿಟ್ಟು ಅಭ್ಯಾಸ ಮಾಡಿ. ಯಾರಿಗಾಗಿ, ಏನು ತೊಂದರೆ ಇತ್ತು, ಏನು ಮಾಡಿದಿರಿ, ಅಷ್ಟೇ.

ಇದಕ್ಕಿಂತ ಮುಖ್ಯ ಆಫರ್ ಲೆಟರ್. ಸಣ್ಣ ಏಜೆನ್ಸಿಗಳಲ್ಲಿ ಎಷ್ಟೋ ಸಲ ಹೊಸಬರನ್ನು "ಕನ್ಸಲ್ಟೆಂಟ್" ಅಂತ ತೆಗೆದುಕೊಳ್ಳುತ್ತಾರೆ. ದಿನಾ ಆಫೀಸಿಗೆ ಬರಬೇಕು, ರಜೆಗೆ ಕೇಳಬೇಕು, ಆದರೆ ಕಾಗದದಲ್ಲಿ ನೌಕರ ಅಲ್ಲ. ಪಿಎಫ್ ಇರುವುದಿಲ್ಲ, ಸಂಬಳದಲ್ಲಿ 10 ಪರ್ಸೆಂಟ್ ಟಿಡಿಎಸ್ (ಮೊದಲೇ ಹಿಡಿದುಕೊಳ್ಳುವ ಟ್ಯಾಕ್ಸ್) ಕಟ್ ಆಗಿ ಬರುತ್ತದೆ. ನಿಮ್ಮ ಒಟ್ಟು ಆದಾಯ ಟ್ಯಾಕ್ಸ್ ಮಿತಿಯೊಳಗೆ ಇದ್ದರೆ ರಿಟರ್ನ್ ಫೈಲ್ ಮಾಡಿ ಆ ದುಡ್ಡು ವಾಪಸ್ ಪಡೆಯಬಹುದು, ಎಷ್ಟೋ ಹುಡುಗರು ಗೊತ್ತಿಲ್ಲದೆ ಬಿಟ್ಟುಬಿಡುತ್ತಾರೆ. ನೌಕರಿ ಅಂತಲೇ ಕೊಟ್ಟರೂ ಸಿಟಿಸಿ (ಕಂಪನಿಗೆ ನಿಮ್ಮಿಂದ ಆಗುವ ಒಟ್ಟು ಖರ್ಚು) ನೋಡಿ ಕುಣಿಯಬೇಡಿ. ಕಂಪನಿ ಕಟ್ಟುವ ಪಿಎಫ್ ಪಾಲನ್ನೂ ಅದರೊಳಗೇ ಸೇರಿಸಿರುತ್ತಾರೆ. ಕೈಗೆ ಎಷ್ಟು ಬರುತ್ತದೆ ಅಂತ ಬಾಯಿಬಿಟ್ಟು ಕೇಳಿ, ಕೇಳಿದರೆ ಯಾರೂ ಕೆಲಸ ಕಿತ್ತುಕೊಳ್ಳುವುದಿಲ್ಲ. ನೋಟಿಸ್ ಪೀರಿಯಡ್ ಎಷ್ಟು, ಇಷ್ಟು ದಿನ ಬಿಡುವ ಹಾಗಿಲ್ಲ ಅನ್ನುವ ಬಾಂಡ್ ಇದೆಯಾ ಅಂತ ಓದಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಅಂದರೆ ಎದ್ದು ಬನ್ನಿ.

ಮತ್ತೆ, ಅಲ್ಲಿ ಮಾಡಿದ ಕೆಲಸವನ್ನು ಮುಂದೆ ನಿಮ್ಮ ಪೋರ್ಟ್‌ಫೋಲಿಯೊದಲ್ಲಿ ಹಾಕಿಕೊಳ್ಳಬಹುದಾ ಅಂತ ಸೇರುವಾಗಲೇ ಕೇಳಿ ಮೇಲ್‌ನಲ್ಲಿ ಬರೆಸಿಕೊಳ್ಳಿ. ಬಿಡುಗಡೆ ಆದ ಮೇಲೆ ಹಾಕಿಕೋ ಅಂತ ಸಾಮಾನ್ಯವಾಗಿ ಒಪ್ಪುತ್ತಾರೆ. ಪಿಚ್‌ನಲ್ಲಿ (ಹೊಸ ಕ್ಲೈಂಟ್ ಹಿಡಿಯಲು ಏಜೆನ್ಸಿಗಳು ಐಡಿಯಾ ತೋರಿಸುವ ಪೈಪೋಟಿ) ಸೋತ ಕೆಲಸ ಮಾತ್ರ ಹಾಕಲು ಬಿಡುವುದಿಲ್ಲ, ವಿಚಿತ್ರ ಅಂದರೆ ಎಷ್ಟೋ ಸಲ ಒಳ್ಳೆಯ ಕೆಲಸ ಇರುವುದು ಅದರಲ್ಲೇ.

ಬೆಣ್ಣೆದೋಸೆ_ಪಿಕ್ಸೆಲ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. @ಹಳೇ_ಲೇಯರ್ ಸರ್ ಹೇಳಿದ ಹಾಗೇ ಬರೆದೆ. "ಬೇರೆ ಕ್ಯಾಂಡಿಡೇಟ್‌ಗಳು ಮಾಡುತ್ತಿದ್ದಾರೆ, ನಿಮಗೆ ಆಸಕ್ತಿ ಇಲ್ಲ ಅಂತ ಕಾಣುತ್ತದೆ" ಅಂತ ಒಂದು ಸಾಲು ಬಂತು. ಬಿಟ್ಟೆ.

ಮಂಡಕ್ಕಿ ಶುರು ಮಾಡಿದ್ದೇನೆ. ನಿನ್ನೆ ಭಟ್ಟಿಗೆ ಹೋಗಿ ಫೋಟೋ ತೆಗೆದುಕೊಂಡು ಬಂದೆ. ಐಡಿಯಾ ಇದು: "ಸಂಜೆ ನಾಲ್ಕರ ಸದ್ದು". ಮಂಡಕ್ಕಿ ಅಗಿಯುವ ಸದ್ದನ್ನೇ ಟೈಪ್‌ನಲ್ಲಿ ತೋರಿಸುವುದು, ಕರುಂ ಕುರುಂ ಅಂತ ಅಕ್ಷರ ಸಿಡಿಯುವ ಹಾಗೆ. ಫೀಡ್, ಸ್ಟೋರಿ ಆಗಿದೆ. ಪಟ್ಟಿ ಬ್ಯಾನರ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಅಕ್ಷರ ಸಿಡಿಸಿದರೆ 90 ಪಿಕ್ಸೆಲ್ ಎತ್ತರದಲ್ಲಿ ಓದಲು ಆಗುತ್ತಿಲ್ಲ.

ಗ್ರಿಡ್_ಗೌಡ್ರು:

ಐಡಿಯಾ ಚೆನ್ನಾಗಿದೆ. ಬ್ಯಾನರ್‌ನಲ್ಲಿ ಚಿತ್ರ ಬಿಡಿ, ಅಕ್ಷರವೇ ಚಿತ್ರ ಅಲ್ವಾ. "ಸಂಜೆ ನಾಲ್ಕು" ಅಂತ ಕೂಡ ಬೇಡ, ಕುರುಂ ಒಂದೇ ಇರಲಿ, ಬಲಕ್ಕೆ ಲೋಗೊ ಮತ್ತು ಬಟನ್. ಇಲ್ಲಿ ಯಾಕೆ ಸಾಲು ಕತ್ತರಿಸಿದಿರಿ ಅಂತ ಪಕ್ಕದಲ್ಲಿ ಒಂದು ವಾಕ್ಯ ಬರೆಯಿರಿ.

ಒತ್ತಕ್ಷರ_ಒಲವಿ:

ಮತ್ತೆ ಎಲ್ಲ ಅಕ್ಷರ ಸಿಡಿಸಬೇಡಿ. ಅನೇಕ್‌ನ ದಪ್ಪ ತೂಕದಲ್ಲಿ "ಕುರುಂ" ಬರೆದು ಕೊಂಬು ಮಾತ್ರ ಒಡೆಯಿರಿ, ಮೂಲ ಅಕ್ಷರ ಗಟ್ಟಿಯಾಗಿ ನಿಲ್ಲಲಿ, ಓದಲು ಬರುತ್ತದೆ. ಮಾಡಿ ಇಲ್ಲೇ ಹಾಕಿ, ನೋಡೋಣ. ಔಟ್‌ಲೈನ್ ಮಾಡುವ (ಟೈಪನ್ನು ಆಕಾರವಾಗಿ ಬದಲಿಸುವ) ಮುಂಚೆ ಎಡಿಟ್ ಮಾಡಬಹುದಾದ ಒಂದು ಕಾಪಿ ಉಳಿಸಿಕೊಳ್ಳಿ.