ದಾಖಲೆಯಿದೆ, ಚಿತ್ರವಿಲ್ಲ: ಸಂಗ್ರಹಾಲಯದ ಡೇಟಾಬೇಸಿನಲ್ಲಿ ಮುರಿದ ಕೊಂಡಿಗಳು

ಕೇಳಿಕೆ: ನಮ್ಮ ಚಿಕ್ಕ ವಸ್ತುಸಂಗ್ರಹಾಲಯದ ಡೇಟಾಬೇಸನ್ನು ವಿಂಡೋಸ್ ಸರ್ವರಿನಿಂದ ಲಿನಕ್ಸಿಗೆ ಸಾಗಿಸಿದ ಮೇಲೆ ಹಲವು ದಾಖಲೆಗಳಲ್ಲಿ ಫೋಟೋ ಕಾಣಿಸುತ್ತಿಲ್ಲ. ಒಂದೊಂದನ್ನೇ ತೆರೆದು ನೋಡುವುದು ಆಗದ ಮಾತು. ಮುರಿದ ಕೊಂಡಿಗಳನ್ನು ಒಟ್ಟಿಗೆ ಪತ್ತೆಹಚ್ಚಿದ ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ಎರಡು ಪಟ್ಟಿಗಳನ್ನು ಮಾಡಿಕೊಳ್ಳಿ. ಪರಿಗ್ರಹಣ ಸಂಖ್ಯೆಯೂ (ಸಂಗ್ರಹಕ್ಕೆ ಸೇರುವಾಗ ಪ್ರತಿ ವಸ್ತುವಿಗೆ ಕೊಡುವ ಸಂಖ್ಯೆ) ಕಡತದ ಪಾಥ್‌ (ಅದು ಇರುವ ಜಾಗದ ವಿಳಾಸ) ಕೂಡ ಇರುವ ಪಟ್ಟಿ ಡೇಟಾಬೇಸಿನಿಂದ ಬರಲಿ. ಡಿಸ್ಕಿನಲ್ಲಿ ನಿಜಕ್ಕೂ ಇರುವ ಕಡತಗಳ ಪಟ್ಟಿಯನ್ನು ಲಿನಕ್ಸಿನ ಫೈಂಡ್ ಕಮಾಂಡ್ ಕೊಡುತ್ತದೆ. ಎರಡನ್ನೂ ಹೋಲಿಸಿದರೆ ದಾಖಲೆಯಿದ್ದು ಕಡತವಿಲ್ಲದವು ಒಂದೆಡೆ, ಕಡತವಿದ್ದು ದಾಖಲೆಯಿಲ್ಲದ ಅನಾಥಗಳು ಇನ್ನೊಂದೆಡೆ ಉಳಿಯುತ್ತವೆ. ಅಲ್ಲಿ ಕಳೆದದ್ದು ಎಷ್ಟೋ ಸಲ ಇಲ್ಲೇ ಸಿಗುವುದರಿಂದ ಅನಾಥಗಳನ್ನು ಅಳಿಸುವ ಆತುರ ಬೇಡ. ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳನ್ನು ವಿಂಡೋಸ್ ಸಾಮಾನ್ಯವಾಗಿ ಒಂದೇ ಎಂದು ಎಣಿಸುತ್ತದೆ, ಲಿನಕ್ಸ್ ಬೇರೆಬೇರೆ ಎನ್ನುತ್ತದೆ. ನಮ್ಮಲ್ಲಿ ಮುರಿದ ಕೊಂಡಿಗಳ ಪೈಕಿ ಹೆಚ್ಚಿನವು ಇದೊಂದೇ ಕಾರಣಕ್ಕೆ ಮುರಿದಿದ್ದವು.

ಎರಡನೆಯ ಉತ್ತರ: ಕಡತಗಳಿಗೆ ಕನ್ನಡದಲ್ಲಿ ಹೆಸರಿಟ್ಟಿದ್ದರೆ ಇನ್ನೊಂದು ತೊಡಕಿದೆ. ನಮ್ಮಲ್ಲಿ ‘ಮಾಸ್ತಿಕಲ್ಲು’ ಎಂಬ ಹೆಸರಿನ ಚಿತ್ರಗಳೆಲ್ಲ ತೆರೆದವು, ‘ವೀರಗಲ್ಲು’ ಎಂಬವು ಮಾತ್ರ ತೆರೆಯಲಿಲ್ಲ. ಪರದೆಯ ಮೇಲೆ ಎರಡೂ ಪಟ್ಟಿಗಳ ‘ವೀರಗಲ್ಲು’ ತದ್ರೂಪವಾಗಿಯೇ ಇತ್ತು. ಯೂನಿಕೋಡಿನಲ್ಲಿ ‘ವೀ’ ಅಕ್ಷರದ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಗುಡಿಸು ಮತ್ತು ದೀರ್ಘಚಿಹ್ನೆ ಎಂದು ಬಿಡಿಸಿಯೂ ಬರೆಯಬಹುದು; ಕಣ್ಣಿಗೆ ಒಂದೇ ಆದರೂ ಲಿನಕ್ಸಿಗೆ ಅವು ಬೇರೆಬೇರೆ ಹೆಸರುಗಳು. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಕಡತವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತದೆ, ನಮ್ಮ ಫೋಟೋಗಳು ಬಂದದ್ದೂ ಅಂಥದೇ ಒಂದು ಯಂತ್ರದಿಂದ. ಹೋಲಿಸುವ ಮುನ್ನ ಎರಡೂ ಪಟ್ಟಿಗಳನ್ನು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿಸಿದ ಸಂಕೇತಗಳನ್ನು ಒಂದುಗೂಡಿಸಿದ ರೂಪಕ್ಕೆ, ತಂದುಕೊಳ್ಳಿ. ಇದನ್ನು ಕಂಡುಕೊಳ್ಳುವಷ್ಟರಲ್ಲಿ ನಾನು ಎರಡು ದಿನ ಕಳೆದಿದ್ದೆ.

ಮೂರನೆಯ ಉತ್ತರ: ಕಡತ ಸಿಕ್ಕಿತೆಂದ ಮಾತ್ರಕ್ಕೆ ಅದು ಸರಿಯಾಗಿದೆ ಎಂದಲ್ಲ. ಸೊನ್ನೆ ಬೈಟಿನವನ್ನೂ, ಅರ್ಧಕ್ಕೆ ನಿಂತ ನಕಲುಗಳನ್ನೂ ಬೇರ್ಪಡಿಸಿ. ಕಲೆಕ್ಟಿವ್ ಆ್ಯಕ್ಸೆಸ್ ಎಂಬ ಸಂಗ್ರಹಾಲಯ ತಂತ್ರಾಂಶ ಬಳಸುವವರಿಗೆ, ಮೊದಲೇ ದಾಖಲಾದ ಎಂಡಿ5 ಮೊತ್ತವನ್ನು (ಕಡತದ ಒಳವಿವರದಿಂದ ಲೆಕ್ಕಹಾಕಿದ ಗುರುತು) ಕಡತದೊಂದಿಗೆ ತಾಳೆ ನೋಡುವ ಫಿಕ್ಸಿಟಿ ತಪಾಸಣೆ, ಅಂದರೆ ಕಡತ ಬದಲಾಗಿಲ್ಲವೇ ಎಂಬ ಪರೀಕ್ಷೆ, ಅದರಲ್ಲೇ ಇದೆ. ದುರಸ್ತಿಯನ್ನು ಹೆಸರೊಂದನ್ನೇ ನಂಬಿ ಮಾಡಬೇಡಿ: ಕ್ಯಾಮೆರಾದ ಎಣಿಕೆ 9999 ಮುಟ್ಟಿದ ಮೇಲೆ ಮತ್ತೆ 0001ರಿಂದ ಶುರುವಾಗುವುದರಿಂದ ಒಂದೇ ಹೆಸರಿನ ಎರಡು ಚಿತ್ರಗಳು ಬೇರೆಬೇರೆ ಫೋಲ್ಡರುಗಳಲ್ಲಿ ಇರಬಹುದು. ಹೀಗೆ ನಮ್ಮ ಕಂಚಿನ ನಂದಿಯ ದಾಖಲೆಗೆ ತೂಗುದೀಪದ ಚಿತ್ರ ಅಂಟಿಕೊಂಡಿತ್ತು. ಕೊಂಡಿ ಸರಿಯಾಗಿಯೇ ತೆರೆಯುತ್ತಿದ್ದುದರಿಂದ ಯಾವ ತಪಾಸಣೆಯೂ ಅದನ್ನು ಹಿಡಿಯಲಿಲ್ಲ.