ಕಟಪಾಡಿಯ ಹಂಚಿನ ಮನೆಗೆ ಯಾವ ಕ್ಯಾಮೆರಾ? ಮಳೆಗಾಲ ಕಂಡವರು ಹೇಳಿದ್ದು

ಕೇಳಿದ್ದು

ಕಟಪಾಡಿಯ ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೇ ಇದ್ದಾರೆ. ನಾನು ದುಬೈಯಲ್ಲಿ, ತಂಗಿ ಪುಣೆಯಲ್ಲಿ. ಹಳೆ ಹಂಚಿನ ಮನೆ, ಸುತ್ತ ಅರ್ಧ ಎಕರೆ ತೆಂಗು. ಗೇಟಿನಿಂದ ಜಗಲಿಗೆ ಸುಮಾರು ಮೂವತ್ತು ಮೀಟರ್. ಎರಡು ವಾರದ ಹಿಂದೆ ರಾತ್ರಿ ಯಾರೋ ಹಿತ್ತಲಿಗೆ ಬಂದು ಪಂಪಿನ ವಯರ್ ಕತ್ತರಿಸಿಕೊಂಡು ಹೋದರು. ಮಾರನೆ ದಿನ ಬೆಳಿಗ್ಗೆ ನೀರು ಬಾರದಾಗಲೇ ಅಪ್ಪನಿಗೆ ಗೊತ್ತಾದದ್ದು. ನಾಲ್ಕು ಕ್ಯಾಮೆರಾ ಹಾಕಿಸಬೇಕೆಂದಿದ್ದೇನೆ. ವೈಫೈನದ್ದೋ, ವಯರಿನದ್ದೋ? ನಮ್ಮ ಕರಾವಳಿಯಲ್ಲೇ ಹಾಕಿಸಿ ಎರಡು-ಮೂರು ಮಳೆಗಾಲ ಕಳೆದವರು ಹೇಳಿದರೆ ಉಪಕಾರವಾದೀತು.

ಬ್ರಹ್ಮಾವರದಿಂದ

ನಮ್ಮದೂ ಇಂಥದ್ದೇ ಮನೆ. ಮೊದಲು ವೈಫೈನದ್ದನ್ನೇ ಹಾಕಿ ಕೈ ಸುಟ್ಟುಕೊಂಡೆವು. 2021ರಲ್ಲಿ ನಾಲ್ಕು ತಂದಿದ್ದೆವು. ಮುರಕಲ್ಲಿನ ಗೋಡೆ ಒಂದೂವರೆ ಅಡಿ ದಪ್ಪ ಉಂಟು. ಚಾವಡಿಯ ರೂಟರಿನಿಂದ ಹೊರಟ ಸಿಗ್ನಲ್ ಅಂಥ ಎರಡು ಗೋಡೆ ದಾಟಿ ಕೊಟ್ಟಿಗೆ ಮುಟ್ಟುವಷ್ಟರಲ್ಲಿ ಅರ್ಧಕ್ಕರ್ಧ ಸತ್ತೇ ಹೋಗುತ್ತಿತ್ತು. ಮೊಬೈಲಿನಲ್ಲಿ ನೋಡಿದರೆ ಚಿತ್ರ ನಿಂತಲ್ಲೇ ನಿಂತಿರುತ್ತಿತ್ತು.

ಅದಕ್ಕಿಂತ ದೊಡ್ಡ ತೊಂದರೆ ಗುಡುಗಿನದ್ದು. ಏಪ್ರಿಲ್-ಮೇಯಲ್ಲಿ, ಮತ್ತೆ ಅಕ್ಟೋಬರಿನಲ್ಲಿ ಸಂಜೆ ಮೋಡ ಕಟ್ಟಿದರೆ ಸಾಕು, ಅಮ್ಮ ಟಿವಿ, ಫ್ರಿಜ್, ರೂಟರ್ ಎಲ್ಲದರ ಪ್ಲಗ್ ಕಿತ್ತಿಡುತ್ತಾರೆ. ನಿಮ್ಮ ಅಮ್ಮನೂ ಹಾಗೇ ಮಾಡುತ್ತಾರೆ, ಮಾಡಲೂಬೇಕು. ಆದರೆ ರೂಟರ್ ಆರಿದ ಕೂಡಲೇ ನಮ್ಮ ನಾಲ್ಕು ಕ್ಯಾಮೆರಾಗಳ ದೃಶ್ಯವೂ ಹೋಯಿತು. ಎಲ್ಲ ಕ್ಲೌಡಿಗೇ ಹೋಗುತ್ತಿದ್ದುದರಿಂದ ರೆಕಾರ್ಡಿಂಗ್ ಕೂಡ ಇಲ್ಲ. ಮೇ ತಿಂಗಳಲ್ಲಿ ಹೀಗೆ ಕತ್ತಲಾಗಿದ್ದ ಒಂದು ರಾತ್ರಿಯೇ ಅಂಗಳದಲ್ಲಿದ್ದ ಎರಡು ಗೋಣಿ ಸುಲಿಯದ ಅಡಿಕೆ ಹೋಯಿತು.

ಆಮೇಲೆ ಪಿಒಇ ಹಾಕಿಸಿದೆವು. ಒಂದೇ ನೆಟ್‌ವರ್ಕ್ ಕೇಬಲಿನಲ್ಲಿ ಕರೆಂಟೂ ಚಿತ್ರವೂ ಹೋಗುತ್ತದೆ, ನೂರು ಮೀಟರ್ ತನಕ ಎಳೆಯಬಹುದು. ಮನೆಯೊಳಗೆ ಎಲ್ಲ ಕ್ಯಾಮೆರಾಗಳ ಚಿತ್ರ ರೆಕಾರ್ಡ್ ಮಾಡುವ ಎನ್‌ವಿಆರ್ ಪೆಟ್ಟಿಗೆ, ಅದರಲ್ಲಿ ಹಾರ್ಡ್‌ಡಿಸ್ಕ್, ಅದಕ್ಕೆ ಇನ್‌ವರ್ಟರ್ ಲೈನ್. ಇಂಟರ್ನೆಟ್ ಇರಲಿ, ಹೋಗಲಿ, ರೆಕಾರ್ಡಿಂಗ್ ನಿಲ್ಲುವುದಿಲ್ಲ. ನಾಲ್ಕು ಕ್ಯಾಮೆರಾ, 2 ಟಿಬಿ ಡಿಸ್ಕ್, ಕೇಬಲ್, ಕೂಲಿ ಎಲ್ಲ ಸೇರಿ ನಮಗೆ 34 ಸಾವಿರ ಆಯಿತು.

ವಯರಿನದ್ದಕ್ಕೂ ಸಿಡಿಲಿನ ಭಯ ಇಲ್ಲವೆಂದು ತಿಳಿಯಬೇಡಿ. ನಾವು ಗೇಟಿನ ಕ್ಯಾಮೆರಾಕ್ಕೆ ಅಡಿಕೆ ಮರದಿಂದ ಮರಕ್ಕೆ ಕೇಬಲ್ ಎಳೆದಿದ್ದೆವು. 2023ರಲ್ಲಿ ಪಕ್ಕದ ತೆಂಗಿಗೆ ಸಿಡಿಲು ಬಡಿಯಿತು. ಕೇಬಲ್ ಹಿಡಿದುಕೊಂಡು ಒಳಗೆ ಬಂದದ್ದು ಎನ್‌ವಿಆರನ್ನೂ ಎರಡು ಕ್ಯಾಮೆರಾವನ್ನೂ ಸುಟ್ಟಿತು. ಪೆಟ್ಟಿಗೆಯ ಪ್ಲಗ್ ಕಿತ್ತೇ ಇತ್ತು! ಹಾಗಾಗಿ ನಿಮ್ಮ ಮೂವತ್ತು ಮೀಟರ್ ಇದೆಯಲ್ಲ, ಅಲ್ಲಿಗೆ ತಾಮ್ರದ ಕೇಬಲ್ ಬೇಡ, ಫೈಬರ್ ಎಳೆಸಿ. ಎರಡು ತುದಿಗೂ ಫೈಬರನ್ನು ಮಾಮೂಲಿ ನೆಟ್‌ವರ್ಕ್ ಕೇಬಲಿಗೆ ಜೋಡಿಸುವ ಒಂದೊಂದು ಮೀಡಿಯಾ ಕನ್ವರ್ಟರ್ ಹಾಕಿ. ಲೋಹವಿಲ್ಲದ ಫೈಬರಿನಲ್ಲಿ ಸಿಡಿಲಿನ ಕರೆಂಟ್ ಹರಿಯುವುದಿಲ್ಲ. ಗೇಟಿನ ದೀಪಕ್ಕೆ ಲೈನ್ ಇದ್ದರೆ ಅಲ್ಲಿನ ಕ್ಯಾಮೆರಾಕ್ಕೆ ಅದರಿಂದಲೇ ಕರೆಂಟ್ ತೆಗೆದುಕೊಳ್ಳಬಹುದು. ಮೇನ್ ಬೋರ್ಡಿಗೆ ಒಮ್ಮೆಲೇ ನುಗ್ಗುವ ಕರೆಂಟ್ ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಅರ್ತಿಂಗ್ ಪರೀಕ್ಷೆ ಮಾಡಿಸಿ. ಇಷ್ಟು ಮಾಡಿದರೂ ನೇರ ಮನೆಗೇ ಬಡಿದರೆ ಯಾವುದೂ ಉಳಿಯಲಿಕ್ಕಿಲ್ಲ. ಪ್ರತಿ ಕ್ಯಾಮೆರಾದೊಳಗೂ ಒಂದು ಮೆಮೊರಿ ಕಾರ್ಡ್ ಇರಲಿ, ಪೆಟ್ಟಿಗೆ ಹೋದರೂ ಅಲ್ಲಿ ಸಿಕ್ಕೀತು.

ಇನ್ನೊಂದು ಹೇಳಲೇಬೇಕು. ಮೊದಲ ಮಳೆಗಾಲ ಮುಗಿದ ಮೇಲೆ ಹಿತ್ತಲಿನ ಕ್ಯಾಮೆರಾ ಆಗಾಗ ಕೈಕೊಡುತ್ತಿತ್ತು. ಏಣಿ ಹತ್ತಿ ನೋಡಿದೆ. ಕ್ಯಾಮೆರಾ ಹೊಸದರ ಹಾಗೇ ಇತ್ತು. ಅದರ ಬಾಲಕ್ಕೆ ಕೇಬಲ್ ಸಿಕ್ಕಿಸುವ ಜಾಯಿಂಟ್ ಮಾತ್ರ ಹೊರಗೆ ಗೋಡೆಗೆ ನೇತಾಡುತ್ತಿತ್ತು. ಬಿಚ್ಚಿದರೆ ಎಂಟು ತಾಮ್ರದ ತುದಿಗಳ ಮೇಲೂ ಹಸಿರು ಕಿಲುಬು, ದೇವರ ಕೋಣೆಯ ತೊಳೆಯದ ಹರಿವಾಣದ ಹಾಗೆ. ಕ್ಯಾಮೆರಾ ಐಪಿ67, ಅಂದರೆ ನೀರು, ಧೂಳು ಒಳಹೋಗದ್ದು, ಇದ್ದೇನು ಪ್ರಯೋಜನ, ಜಾಯಿಂಟಿಗೆ ಆ ರಕ್ಷಣೆ ಇಲ್ಲವಲ್ಲ. ಜಂಕ್ಷನ್ ಬಾಕ್ಸ್ ಹಾಕಿಸಿ ಜಾಯಿಂಟನ್ನು ಅದರೊಳಗೆ ಇಡಿಸಿ. ಕೇಬಲ್ ಒಳಹೋಗುವ ತೂತಿಗಿಂತ ಕೆಳಗೆ ಒಂದು ಬಳುಕು ಬಿಡಿಸಿ, ಅಲ್ಲೇ ನೀರು ತೊಟ್ಟಿಕ್ಕಿ ಬೀಳಲಿ. ಕೇಬಲ್ ಪೂರ್ತಿ ತಾಮ್ರದ್ದೇ ಎಂದು ತುದಿ ಕೆರೆದು ನೋಡಿ. ತಾಮ್ರ ಸವರಿದ ಅಲ್ಯುಮಿನಿಯಂ ಆದರೆ ಒಳಗೆ ಬೆಳ್ಳಗೆ ಕಾಣುತ್ತದೆ, ನಮ್ಮ ಹವೆಗೆ ಬಾಳುವುದಿಲ್ಲ.

ಮಲ್ಪೆಯಿಂದ

ಮೇಲಿನವರು ಹೇಳಿದ್ದು ಸರಿ. ಒಂದೇ ಮಾತು ಸೇರಿಸುತ್ತೇನೆ: ಸ್ಕ್ರೂ. ನಮ್ಮ ಮನೆಯಿಂದ ಸಮುದ್ರಕ್ಕೆ ಮುನ್ನೂರು ಮೀಟರ್ ಇಲ್ಲ. ಕ್ಯಾಮೆರಾದ ಜೊತೆ ಬಂದ ಸ್ಕ್ರೂಗಳು ಎರಡು ವರ್ಷಕ್ಕೆ ತುಕ್ಕು ಹಿಡಿದು, ಒಂದು ದಿನ ಗಾಳಿಗೆ ಕ್ಯಾಮೆರಾ ತಲೆಕೆಳಗಾಗಿ ನೇತಾಡುತ್ತಿತ್ತು. ದೋಣಿಗೆ ಬಳಸುವ 316 ಸ್ಟೀಲಿನ ಸ್ಕ್ರೂ ಕೇಳಿ ತನ್ನಿ, ಬಂದರಿನ ಬದಿಯ ಅಂಗಡಿಗಳಲ್ಲಿ ಸಿಗುತ್ತದೆ. ಕಟಪಾಡಿಗೂ ಉಪ್ಪುಗಾಳಿ ಬಂದೇ ಬರುತ್ತದೆ.

ಕಾರ್ಕಳ ಕಡೆಯಿಂದ

ತೋಟದ ಮೂಲೆಗೆ ಸಿಮ್ ಹಾಕುವ ಸೋಲಾರ್ ಕ್ಯಾಮೆರಾ ಹಾಕಿ ಎಂದು ಯಾರಾದರೂ ಹೇಳಿಯಾರು. ನಮ್ಮಲ್ಲಿ ಅದು ಡಿಸೆಂಬರಿನಿಂದ ಮೇ ತನಕ ಚೆನ್ನಾಗಿ ನಡೆಯಿತು. ಜೂನ್ ಎರಡನೇ ವಾರಕ್ಕೆ ಬ್ಯಾಟರಿ ಖಾಲಿ. ಮರದ ನೆರಳು ಬೇರೆ. ಬೇಸಿಗೆಗೆ ಮಾತ್ರ ಸಾಕು ಅನ್ನುವವರು ತೆಗೆದುಕೊಳ್ಳಬಹುದು.

ಕದ್ರಿಯಿಂದ

ಎಲ್ಲರೂ ವೈಫೈ ಬೇಡ ಎನ್ನುತ್ತಿದ್ದೀರಿ, ಅದಕ್ಕೆ ಬರೆದೆ. ನಮ್ಮದು ಬಾಡಿಗೆಯ ಫ್ಲ್ಯಾಟ್, ಗೋಡೆ ಕೊರೆಯುವ ಹಾಗಿಲ್ಲ. ಬಾಗಿಲ ಒಳಬದಿಗೆ ಒಂದು, ಬಾಲ್ಕನಿಗೆ ಒಂದು ವೈಫೈ ಕ್ಯಾಮೆರಾ, ರೂಟರಿಗೆ ಒಂದು ಚಿಕ್ಕ ಯುಪಿಎಸ್. ಮೂರು ವರ್ಷದಿಂದ ದೂರಿಲ್ಲ. ಕಟಪಾಡಿಯ ಮನೆಗೆ ಮಾತ್ರ ನಾನೂ ವಯರಿನದ್ದನ್ನೇ ಹೇಳುತ್ತೇನೆ.

ಮಂಗಳೂರು ಬಿಜೈಯಿಂದ, ಕ್ಯಾಮೆರಾ ಕೂರಿಸುವ ಕೆಲಸದವನು

ಎಲ್ಲರೂ ಯಾವ ಬ್ರ್ಯಾಂಡ್ ಎಂದು ಕೇಳುತ್ತಾರೆ. ಲೆನ್ಸ್ ಎಷ್ಟು ಮಿ.ಮೀ. ಎಂದು ಕೇಳುವವರು ಅಪರೂಪ. ಸಾಮಾನ್ಯವಾಗಿ ಎಲ್ಲ ಕಡೆ 2.8 ಮಿ.ಮೀ. ಹಾಕಿಬಿಡುತ್ತಾರೆ, ಅಗಲ ಕಾಣುತ್ತದೆಂದು ಮನೆಯವರಿಗೂ ಖುಷಿ. ಆದರೆ ಲೆಕ್ಕ ನೋಡಿ. 4 ಮೆಗಾಪಿಕ್ಸೆಲ್ ಚಿತ್ರದ ಅಗಲ ಸುಮಾರು 2,560 ಚುಕ್ಕಿ. ಗುರುತಿಲ್ಲದವನ ಮುಖ ಇಂಥವನದೇ ಎಂದು ಹೇಳಬೇಕಾದರೆ ಒಂದು ಮೀಟರ್ ಅಗಲಕ್ಕೆ 250 ಚುಕ್ಕಿ ಬೇಕೆನ್ನುವುದು ಅಂತಾರಾಷ್ಟ್ರೀಯ ಮಾನದಂಡ. ಅಂದರೆ ಚಿತ್ರದಲ್ಲಿ ಹತ್ತು ಮೀಟರಿಗಿಂತ ಹೆಚ್ಚು ಅಗಲದ ಜಾಗ ಕಾಣಬಾರದು. 2.8ರ ಲೆನ್ಸಿನಲ್ಲಿ ನಾಲ್ಕು ಮೀಟರ್ ದೂರಕ್ಕೇ ಅಷ್ಟು ಅಗಲ ಆಗಿಬಿಡುತ್ತದೆ. 6 ಮಿ.ಮೀ. ಆದರೆ ಸುಮಾರು ಹತ್ತು ಮೀಟರ್ ತನಕ ಮುಖ ಸಿಗುತ್ತದೆ. ಜಗಲಿಯಲ್ಲಿ ಕೂರಿಸಿದ ಕ್ಯಾಮೆರಾ ಮೂವತ್ತು ಮೀಟರ್ ಆಚೆಯ ಗೇಟಿನಲ್ಲಿ ಯಾರೋ ನಿಂತಿದ್ದಾರೆ ಎಂದಷ್ಟೇ ತೋರಿಸೀತು. ಗೇಟಿನದ್ದು ಗೇಟಿನಲ್ಲೇ ಇರಬೇಕು, ಮುಖದ ಎತ್ತರಕ್ಕಿಂತ ತುಂಬ ಮೇಲಲ್ಲ. ಮಾಡಿನ ತುದಿಗೆ ಕೂರಿಸಿದರೆ ಟೊಪ್ಪಿ ಮಾತ್ರ ಕಾಣುತ್ತದೆ.

ಡಿಸ್ಕಿನ ಲೆಕ್ಕವೂ ಹೀಗೇ. ವಿಡಿಯೋವನ್ನು ಕುಗ್ಗಿಸಿ ಉಳಿಸುವ ಎಚ್.265 ವಿಧಾನದಲ್ಲಿ ಸೆಕೆಂಡಿಗೆ 2 ಮೆಗಾಬಿಟ್ ಇಟ್ಟರೆ ಒಂದು ಕ್ಯಾಮೆರಾ ದಿನಕ್ಕೆ 21-22 ಜಿಬಿ ತುಂಬಿಸುತ್ತದೆ. ನಾಲ್ಕಕ್ಕೆ 86 ಜಿಬಿ. 2 ಟಿಬಿಯಲ್ಲಿ ಇಪ್ಪತ್ತೆರಡು-ಇಪ್ಪತ್ತಮೂರು ದಿನ ಉಳಿಯುತ್ತದೆ. ಅಪ್ಪ-ಅಮ್ಮ ತಿಂಗಳುಗಟ್ಟಲೆ ನಿಮ್ಮಲ್ಲಿಗೆ ಬಂದು ಇರುವವರಾದರೆ 4 ಟಿಬಿ ಹಾಕಿಸಿ. ಕಂಪ್ಯೂಟರಿನ ಮಾಮೂಲಿ ಡಿಸ್ಕ್ ಬೇಡ, ಹಗಲಿರುಳು ಬರೆಯುವುದಕ್ಕೆಂದೇ ಮಾಡಿದ್ದು ಬೇರೆ ಸಿಗುತ್ತದೆ.

ರಾತ್ರಿ ಚಿತ್ರ ಬೆಳ್ಳಗೆ ಮಸುಕಾಗಿದೆ, ಕ್ಯಾಮೆರಾ ಹಾಳಾಗಿದೆ ಎಂದು ಫೋನ್ ಬಂದರೆ ನಾನು ಮೊದಲು ಕೇಳುವುದು ಜೇಡನ ಬಲೆ ಉಂಟಾ ಎಂದು. ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕು ಹತ್ತಿರದ ಬಲೆಗೆ ಬಡಿದು ವಾಪಸು ಬರುತ್ತದೆ. ಗಾಳಿಗೆ ಬಲೆ ಅಲುಗಿದಷ್ಟು ಸಲವೂ ಮೊಬೈಲಿಗೆ ಎಚ್ಚರಿಕೆ. ತಿಂಗಳಿಗೊಮ್ಮೆ ಉದ್ದ ಕೋಲಿನ ಹಿಡಿಸೂಡಿಯಲ್ಲಿ ಗುಡಿಸಿದರೆ ಮುಗಿಯಿತು.

ಪಾಸ್‌ವರ್ಡ್ ವಿಚಾರದಲ್ಲಿ ನಮ್ಮ ಕಸುಬಿನವರದ್ದೂ ತಪ್ಪಿದೆ, ಬೇಗ ಮುಗಿಸುವ ಆತುರಕ್ಕೆ ಎಲ್ಲ ಮನೆಗೂ ಒಂದೇ ಪಾಸ್‌ವರ್ಡ್ ಇಡುವವರಿದ್ದಾರೆ. 2016ರ ಮಿರಾಯ್ ಎಂಬ ಕುತಂತ್ರಾಂಶದ ದಾಳಿಯಲ್ಲಿ ಲಕ್ಷಾಂತರ ಕ್ಯಾಮೆರಾ, ರೆಕಾರ್ಡಿಂಗ್ ಪೆಟ್ಟಿಗೆಗಳು ಪರರ ಕೈವಶವಾದದ್ದು ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಬದಲಿಸದೆ ಬಿಟ್ಟದ್ದರಿಂದ. ಖಾತೆಯನ್ನು ನಿಮ್ಮ ನಂಬರಿನಲ್ಲೇ ತೆರೆಸಿ. ಕೂರಿಸಲು ಬಂದವನ ಮೊಬೈಲಿನಲ್ಲಿ ತೆರೆದಿದ್ದರೆ ಅವನು ಹೋಗುವ ಮುಂಚೆ ತೆಗೆಸಿ. ಈಗ ನಮ್ಮ ದೇಶದಲ್ಲಿ ಸಿಸಿಟಿವಿಗೆ ಸರಕಾರದ ಭದ್ರತಾ ಪರೀಕ್ಷೆ ಕಡ್ಡಾಯ. ಆ ಪರೀಕ್ಷೆಯ ಎಸ್‌ಟಿಕ್ಯುಸಿ ಪ್ರಮಾಣಪತ್ರ ಆದ ಮಾದರಿಯಾ ಎಂದು ಅಂಗಡಿಯಲ್ಲಿ ಕೇಳಿ. ಹಳೆ ದಾಸ್ತಾನು ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ.

ಮುಲ್ಕಿಯ ಮನೆಯ ಮಗಳು, ಬೆಂಗಳೂರಿನಿಂದ

ಒಂದು ವಿಷಯ ಯಾರೂ ಹೇಳಲಿಲ್ಲ. ನಿಮ್ಮ ಅಮ್ಮನ ಹತ್ತಿರ ಕೇಳಿದ್ದೀರಾ?

ನಾನು ಕೇಳಿರಲಿಲ್ಲ. ಹೋದ ಸಲ ಊರಿಗೆ ಹೋದಾಗ ಎರಡೇ ದಿನದಲ್ಲಿ ಎಲ್ಲ ಹಾಕಿಸಿ ಬಂದೆ. ಅಮ್ಮ ದಿನಾ ಮಧ್ಯಾಹ್ನ ಮಿಂದು ಬಂದು ಹಿಂದಿನ ಜಗಲಿಯಲ್ಲಿ ಕೂದಲು ಬಿಟ್ಟುಕೊಂಡು ಕೂರುತ್ತಿದ್ದರು, ಹತ್ತಿರದಲ್ಲಿ ಹಪ್ಪಳ ಒಣಗಿಸಿ ಕಾಗೆ ಓಡಿಸುತ್ತ. ಕ್ಯಾಮೆರಾ ಬಂದು ಹತ್ತು ದಿನಕ್ಕೆ ಜಗಲಿ ಖಾಲಿ. ಏನಮ್ಮಾ, ಹುಷಾರಿಲ್ಲವಾ ಎಂದು ಫೋನಿನಲ್ಲಿ ಕೇಳಿದೆ. ಏನಿಲ್ಲ, ಒಳಗೇ ಇದ್ದೇನೆ ಎಂದರು. ಆಮೇಲೆ ಪಕ್ಕದ ಮನೆಯವರು ಹೇಳಿದರು, ಅಳಿಯನೂ ನೋಡುತ್ತಾರಲ್ಲ ಎಂದು ಅಮ್ಮನಿಗೆ ಸಂಕೋಚವಂತೆ. ನನಗೆ ಅಳುವೇ ಬಂತು. ಆ ಕ್ಯಾಮೆರಾ ಕೊಟ್ಟಿಗೆಯ ಹಿಂದಿನ ದಾರಿಗೆ ತಿರುಗಿಸಿದೆವು, ಮನೆಯೊಳಗಿನದ್ದನ್ನು ತೆಗೆದೇಬಿಟ್ಟೆವು. ಧ್ವನಿ ರೆಕಾರ್ಡ್ ಆಗುವುದನ್ನೂ ನಿಲ್ಲಿಸಿದೆವು. ಪಕ್ಕದವರ ಬಾವಿಕಟ್ಟೆ ಕಾಣುತ್ತಿದ್ದ ಮೂಲೆಯನ್ನು ಸೆಟ್ಟಿಂಗಿನಲ್ಲಿ ಕಪ್ಪು ಮಾಡಿದೆವು.

ಇನ್ನೊಂದು, ನೀವು ದುಬೈಯಲ್ಲಿ ಕೂತು ರಾತ್ರಿ ಎರಡು ಗಂಟೆಗೆ ಯಾರನ್ನೋ ಕಂಡಿರಿ ಎಂದಿಟ್ಟುಕೊಳ್ಳಿ. ಆಮೇಲೆ? ಓಡಿ ಬರುವವರು ಯಾರು? ನೆರೆಯ ಇಬ್ಬರ ನಂಬರ್, ಊರಿನ ಠಾಣೆಯ ನಂಬರ್ ನಿಮ್ಮ ಮನೆಯ ಎಲ್ಲರ ಮೊಬೈಲಿನಲ್ಲೂ ಇರಲಿ. ಅಪ್ಪನಿಗೆ ತುರ್ತು ನಂಬರ್ 112 ಹೇಳಿಕೊಡಿ. ಅದು ಭಾರತದೊಳಗಿನಿಂದ ಮಾಡುವ ಕರೆ, ಹಾಗಾಗಿ ಪುಣೆಯ ತಂಗಿಯನ್ನೂ ಈ ಏರ್ಪಾಟಿಗೆ ಸೇರಿಸಿಕೊಳ್ಳಿ. ಪಕ್ಕದ ಮನೆಯ ಹುಡುಗನಿಗೆ ಗೇಟಿನ ಕ್ಯಾಮೆರಾವೊಂದನ್ನು ಮಾತ್ರ ನೋಡುವ ಅವಕಾಶ ಕೊಟ್ಟಿದ್ದೇವೆ, ಉಳಿದದ್ದು ಅವನಿಗೆ ಕಾಣುವುದಿಲ್ಲ.

ಕೇಳಿದವರು, ಮರುದಿನ

ಎಲ್ಲರಿಗೂ ವಂದನೆ. ನಿನ್ನೆ ರಾತ್ರಿ ಅಮ್ಮನ ಹತ್ತಿರ ಮಾತಾಡಿದೆ. ಗೇಟಿಗೆ ಹಾಕು, ಪಂಪಿನ ಶೆಡ್ಡಿಗೆ ಹಾಕು, ಜಗಲಿಗೆ ಹಾಕಿದರೂ ಅಡ್ಡಿಯಿಲ್ಲ, ಬಚ್ಚಲಿನ ಬದಿಗೆ ಮಾತ್ರ ಬೇಡ ಎಂದರು. ಹಾಗಾಗಿ ನಾಲ್ಕಿದ್ದದ್ದು ಮೂರಾಯಿತು. ಉಳಿದ ಹಣದಲ್ಲಿ ಗೇಟಿಗೆ ಫೈಬರ್ ಎಳೆಸುತ್ತೇನೆ. ಉಡುಪಿ-ಕಾಪು ಕಡೆ ಫೈಬರ್ ಜಾಯಿಂಟ್ ಮಾಡಿಕೊಡುವವರು ಯಾರಾದರೂ ಗೊತ್ತಿದ್ದರೆ ಹೇಳಿ, ಮಳೆ ಹಿಡಿಯುವ ಮುಂಚೆ ಕೆಲಸ ಮುಗಿಯಬೇಕು.